ಮದುವೆಮನೆಯಲ್ಲಿ ಕಡೆಯ ಕುರ್ಚಿ

ಸತ್ಯವೇದವನ್ನು ಓದುವುದು ಅಷ್ಟೇನೂ ಕಷ್ಟವಲ್ಲ. ನಾನು ಹತ್ತನೇ ವಯಸ್ಸಿನಿಂದ ಓದುತ್ತಿದ್ದೇನೆ, ಆರೋಗ್ಯಕ್ಕೆ ಏನೂ ತೊಂದರೆಯಾಗಿಲ್ಲ. ಕಷ್ಟ ಶುರುವಾಗುವುದು ಓದಿದ್ದನ್ನು ಮಾಡಲು ಹೊರಟಾಗ. ವಿಜಯನಗರದ ನಮ್ಮ ಸಭೆಯವರು ಬುಧವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರಿ, ಒಂದು ಭಾಗ ಓದಿ, ಅದರ ಬಗ್ಗೆ ಮಾತಾಡಿ, ಕಾಫಿ ಕುಡಿದು ಏಳುವುದು ವರ್ಷಗಳಿಂದ ನಡೆದುಬಂದ ಪದ್ಧತಿ. ಇತ್ತೀಚೆಗೆ ಬಂದ ಎಳೆಯ ಪಾದ್ರಿಗಳು ಅದಕ್ಕೊಂದು ಬಾಲ ಅಂಟಿಸಿದರು. ಓದಿದ್ದನ್ನು ವಾರದೊಳಗೆ ಮಾಡಿ ನೋಡಿ, ಮುಂದಿನ ಬುಧವಾರ ಬಂದು ಹೇಳಬೇಕು. ಮೊದಲ ವಾರ ನಾಲಿಗೆಗೆ ಕಡಿವಾಣ ಹಾಕುವ ಭಾಗ ಬಂತು. ನಾನು ಎರಡು ದಿನ ಮಾತು ಕಡಿಮೆ ಮಾಡಿದೆ. ಮೂರನೆಯ ದಿನ ನನ್ನ ಹೆಂಡತಿ ಸುಗುಣ ಬಸವೇಶ್ವರನಗರದ ಗಂಟಲು ಡಾಕ್ಟರ ಹತ್ತಿರ ಟೋಕನ್ ತೆಗೆಸಿದ್ದಳು.

ಎರಡನೆಯ ವಾರದ ಭಾಗ ನನಗೆಂದೇ ಬರೆದ ಹಾಗಿತ್ತು. ಮದುವೆಗೆ ಕರೆದರೆ ಮೊದಲನೆಯ ಸ್ಥಾನದಲ್ಲಿ ಕೂರಬೇಡ, ನಿನಗಿಂತ ದೊಡ್ಡವನು ಬಂದರೆ ನಾಚಿಕೆಯಿಂದ ಏಳಬೇಕಾದೀತು. ಹೋಗಿ ಕಡೆಯ ಸ್ಥಾನದಲ್ಲಿ ಕೂತುಕೋ, ಆಗ ಕರೆದವನೇ ಬಂದು ನಿನ್ನನ್ನು ಮೇಲಕ್ಕೆ ಕರೆಯುತ್ತಾನೆ ಎಂದು ಬೈಬಲಿನಲ್ಲಿ ಸ್ವಾಮಿ ಹೇಳಿದ ಮಾತು. ಒಳ್ಳೆಯ ಜಾಗದ ಚಪಲ ನನಗೆ ಹುಟ್ಟಿನಿಂದ ಬಂದದ್ದು. ಬಸ್ಸಿನಲ್ಲಿ ಕಿಟಕಿ, ಮೆಟ್ರೋದಲ್ಲಿ ಮೂಲೆ, ಚರ್ಚಿನಲ್ಲಿ ಫ್ಯಾನಿನ ಕೆಳಗಿನ ಬೆಂಚು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಪಕ್ಕದಲ್ಲೇ ನಿಂತು, ಅವರು ಏಳುವವರೆಗೂ ಗಟ್ಟಿಯಾಗಿ ಕೀರ್ತನೆ ಹಾಡಿದವನು ನಾನು. ಅಂಥವನಿಗೆ ಆ ವಾರವೇ ಮದುವೆಯ ಕರೆಯೂ ಇತ್ತು. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ನನ್ನ ಪಕ್ಕದ ಮೇಜಿನವರಾದ ಚನ್ನೇಗೌಡರ ಮಗಳು ಶ್ವೇತಾಳ ಮದುವೆ, ಭಾನುವಾರ, ಉಲ್ಲಾಳದಲ್ಲಿ. ಆ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ವರ್ಷವಿಡೀ ಗಣಿತ ಹೇಳಿಕೊಟ್ಟವನು ನಾನೇ. ಸುಗುಣ ಸಂಡೇ ಸ್ಕೂಲ್ ಮಕ್ಕಳ ಪಾಠ ಮುಗಿಸಿಕೊಂಡು ಊಟದ ಹೊತ್ತಿಗೆ ಬರುವುದಾಗಿ ಹೇಳಿದಳು. ನಾನು ಬೆಳಿಗ್ಗೆಯ ಆರಾಧನೆ ಮುಗಿಸಿ ನೇರ ಛತ್ರಕ್ಕೆ ಹೋದೆ. ಇದೂ ಒಂದು ಆರಾಧನೆಯೇ ತಾನೇ ಎಂದುಕೊಂಡು, ಸೈಲೆಂಟ್ ಮಾಡಿದ್ದ ಫೋನನ್ನು ಹಾಗೇ ಬಿಟ್ಟೆ.

ಬಾಗಿಲಲ್ಲಿ ಪನ್ನೀರು ಹಾಕಿಸಿಕೊಂಡು, ಮುಂದಿನ ಸೋಫಾಗಳ ಕಡೆ ಎಳೆಯುತ್ತಿದ್ದ ಕಾಲುಗಳನ್ನು ತಡೆದು, ಕಟ್ಟಕಡೆಯ ಸಾಲಿನ ಕೊನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಕೂತ ತಕ್ಷಣ ಮನಸ್ಸಿಗೆ ಏನೋ ಒಂದು ಶಾಂತಿ. ಇನ್ನು ಗೌಡರು ನೋಡುವುದೊಂದೇ ಬಾಕಿ. "ಅಯ್ಯೋ, ಪ್ರಸಾದ್ ಸಾರ್, ನೀವು ಇಲ್ಲಿ ಕೂರೋದಾ!" ಎಂದು ಓಡಿಬರುತ್ತಾರೆ, ನಾನು "ಇರ್ಲಿ ಬಿಡಿ ಗೌಡ್ರೇ" ಎನ್ನುತ್ತೇನೆ, ಅವರು ಬಲವಂತ ಮಾಡುತ್ತಾರೆ, ಇಡೀ ಛತ್ರ ತಿರುಗಿ ನೋಡುತ್ತದೆ. ಬುಧವಾರ ಇದನ್ನು ಯಾವ ದನಿಯಲ್ಲಿ ಹೇಳಬೇಕೆಂದೂ ಯೋಚಿಸಿಟ್ಟುಕೊಂಡೆ.

ಪಕ್ಕದಲ್ಲಿ ಕೂತಿದ್ದ ಪಂಚೆಯ ಮುದುಕರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. "ನೀವೂ ತಿಳ್ದೋರೇ ಬಿಡಿ" ಎಂದರು.

"ಯಾಕೆ ಹಾಗಂತೀರಿ?"

"ಊಟದ ಹಾಲಿನ ಬಾಗ್ಲು ಇಲ್ಲೇ ಅಲ್ವಾ, ನಮ್ಮ ಬೆನ್ನಿಂದೆ. ಮೊದಲ್ನೇ ಪಂಕ್ತಿ ಹಿಡೀಬೇಕು ಅಂದ್ರೆ ಇಲ್ಲೇ ಕೂರ್ಬೇಕು. ಮುಂದೆ ಕೂತೋರಿಗೆ ಮೂರ್ನೇ ಪಂಕ್ತೀಲೂ ಸಿಕ್ಕಲ್ಲ."

ನಾನು ಗಾಬರಿಯಾದೆ. ಆ ಛತ್ರದಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದ ಸ್ಥಾನದಲ್ಲಿ ನಾನು ತಿಳಿಯದೆ ಕೂತುಬಿಟ್ಟಿದ್ದೆ. ಅಷ್ಟರಲ್ಲಿ ದಪ್ಪ ಮೀಸೆಯವರೊಬ್ಬರು ಬಂದು, "ಸಾರ್, ಸ್ವಲ್ಪ ಏಳ್ತೀರಾ? ಇದು ನಮ್ಮ ಭಾವನ್ ಸೀಟು, ಕೈ ತೊಳ್ಕೊಂಡು ಬರಕ್ಕೆ ಹೋಗವ್ರೆ" ಎಂದರು. ಕಡೆಯ ಸ್ಥಾನದಿಂದಲೂ ಒಬ್ಬನನ್ನು ಎಬ್ಬಿಸಬಹುದು ಎಂಬುದರ ಬಗ್ಗೆ ಪಾದ್ರಿಗಳು ಏನೂ ಹೇಳಿರಲಿಲ್ಲ. ಎದ್ದು ಹೋಗಿ, ಆಳೆತ್ತರದ ಸ್ಪೀಕರ್ ಡಬ್ಬದ ಹಿಂದೆ, ಗೋಡೆಗೆ ಒರಗಿ ನಿಂತೆ. ಗೌಡರ ಕಡೆಯ ಹೆಂಗಸೊಬ್ಬರು ನನ್ನನ್ನು ನೋಡಿ, "ಅಣ್ಣ, ಸುಮ್ನೆ ನಿಂತಿದೀರಲ್ಲ, ಇದನ್ನ ಹಂಚ್ಬಿಡಿ" ಎಂದು ಅಕ್ಷತೆಯ ತಟ್ಟೆ ಕೈಗಿಟ್ಟರು. ಹಿಂದಿನ ನಾಲ್ಕು ಸಾಲಿಗೂ ಅಕ್ಷತೆ ಹಂಚಿ ಬಂದು ಮತ್ತೆ ಡಬ್ಬದ ಹಿಂದೆ ನಿಂತೆ.

ಅಲ್ಲಿಂದ ಇಣುಕಿದರೆ ಮಂಟಪ ಕಾಣುತ್ತಿತ್ತು. ಮೊದಲ ಸಾಲಿನಲ್ಲಿ ಗೌಡರ ಅಕ್ಕನ ಪಕ್ಕ ಒಂದು ಕುರ್ಚಿ ಖಾಲಿ ಇತ್ತು. ಯಾರೋ ಕೂರಲು ಹೋದರೆ ಆಕೆ ಕೈಯಾಡಿಸಿ ಕಳಿಸುತ್ತಿದ್ದರು. ಯಾರೋ ರಾಜಕಾರಣಿಗೆ ಹಿಡಿದಿಟ್ಟಿರಬೇಕು ಎಂದುಕೊಂಡೆ. ಇಂಥವರಿಗೆ ಹೊತ್ತಿಗೆ ಸರಿಯಾಗಿ ಬರಬೇಕೆಂಬ ತಿಳಿವಳಿಕೆಯೂ ಇರುವುದಿಲ್ಲ, ದೇವರು ಒಳ್ಳೆಯ ಬುದ್ಧಿ ಕೊಡಲಿ ಎಂದು ಪ್ರಾರ್ಥನೆಯನ್ನೂ ಮಾಡಿದೆ. ಧಾರೆ ಶುರುವಾಯಿತು. ಹೆಣ್ಣು ಗಂಡಿನ ಕೈಯ ಮೇಲೆ ಹಾಲೆರೆಯಲು ನೆಂಟರು ಇಷ್ಟರು ಸಾಲುಗಟ್ಟಿದರು. ನಾನು ಎಲ್ಲರೂ ಮುಗಿಸಲಿ ಎಂದು ಕಾದೆ. ಕೊನೆಗೆ ನಾನೂ ಹಾಲೆರೆಯಲು ಹೊರಡೋಣವೆನ್ನುವಾಗ ವಾಲಗ ನಿಂತಿತು, ಹಾಲಿನ ಚೊಂಬು ಒಳಗೆ ಹೋಯಿತು.

ಅದೇ ಹೊತ್ತಿಗೆ ಸುಗುಣ ಬಂದಳು. ಡಬ್ಬದ ಹಿಂದಿದ್ದ ನನ್ನನ್ನು ಕಂಡು, "ಇಲ್ಲೇನ್ರೀ ಮಾಡ್ತಿದೀರ? ಗೌಡ್ರು ಬಾಗಿಲಲ್ಲಿ ನನ್ನ ಕೇಳ್ತಾರೆ, ಸಾರ್‌ಗೆ ಹುಷಾರಿಲ್ವಾ ಅಂತ. ನಿಮ್ಮ ಫೋನ್ ಎಲ್ಲಿ?" ಎಂದಳು. ತೆಗೆದು ನೋಡಿದೆ. ಗೌಡರು ಒಂಬತ್ತು ಸಲ ಕರೆ ಮಾಡಿದ್ದರು.

ಅವಳ ಹಿಂದೆಯೇ ಗೌಡರೂ ಬಂದರು. ರೇಷ್ಮೆ ಪಂಚೆ, ಪೇಟ, ಮುಖ ಮಾತ್ರ ಬಾಡಿತ್ತು. "ಬಂದಿದ್ರಾ ಸಾರ್? ಅಕ್ಕನ್ ಪಕ್ಕ ನಿಮಗೇ ಅಂತ ಜಾಗ ಇಟ್ಟಿದ್ವಿ. ಸೋದರಮಾವನ್ ಸರದಿ ಆದ್ಮೇಲೆ ನೀವೇ ಹಾಲು ಬಿಡ್ಬೇಕು ಅಂತ ಮಗಳು ಹಟ ಹಿಡಿದಿದ್ಲು. ಮೂರು ಸಲ ಗೇಟ್ ಹತ್ರ ಹೋಗ್ಬಂದೆ." ದನಿ ತಗ್ಗಿಸಿ ಹೇಳಿದರು: "ಪೂಜೆ, ಹೋಮ ಎಲ್ಲ ಇರತ್ತಲ್ಲ, ನಿಮ್ ಕಡೆ ಆಗಲ್ವೇನೋ, ಹೇಳಕ್ಕೆ ಸಂಕೋಚ ಪಟ್ಕೊಂಡು ಬರ್ಲಿಲ್ವೇನೋ ಅಂತ ಸುಮ್ನಾದೆ."

ಇಪ್ಪತ್ತು ವರ್ಷ ನನ್ನ ಜೊತೆ ಒಂದೇ ಊಟದ ಡಬ್ಬಿಯ ಮುದ್ದೆ ಉಂಡ ಮನುಷ್ಯ ಮಗಳ ಧಾರೆಯ ಹೊತ್ತಿನಲ್ಲಿ ಹಾಗೆ ಯೋಚಿಸುತ್ತ ನಿಂತಿದ್ದರು, ನಾನು ಅಲ್ಲೇ ಮೂವತ್ತು ಹೆಜ್ಜೆ ದೂರದಲ್ಲಿ ನನ್ನ ವಿನಯವನ್ನು ಅನುಭವಿಸುತ್ತಿದ್ದೆ. "ಗೌಡ್ರೇ, ಆಗ್ಲಿಂದ ಇಲ್ಲೇ ಇದೀನಿ. ತಪ್ಪಾಯ್ತು" ಎಂದು ಅವರ ಕೈ ಹಿಡಿದುಕೊಂಡು, ಕಡೆಯ ಕುರ್ಚಿಯ ಕತೆಯನ್ನೆಲ್ಲ ಹೇಳಿದೆ. ಗೌಡರು ಕೇಳುತ್ತ ಕೇಳುತ್ತ ಪೇಟ ಜಾರುವಷ್ಟು ನಕ್ಕರು. "ಅಲ್ಲ ಸಾರ್, ನಾನು ಕರೀಬೇಕು ಅಂದ್ರೆ ನೀವು ಕಾಣಿಸ್ಬೇಕಲ್ವಾ? ಅದನ್ನ ಬರ್ದಿಲ್ವಾ ಅದ್ರಲ್ಲಿ?"

ನನ್ನನ್ನು ಎಳೆದುಕೊಂಡೇ ಮಂಟಪಕ್ಕೆ ಹತ್ತಿಸಿದರು. ಶ್ವೇತಾ ಹಣೆ ಗಂಟಿಕ್ಕಿ, "ಅಂಕಲ್, ಎಲ್ಲಿ ಹೋಗಿದ್ರಿ? ಅಮ್ಮ, ಆ ಚೊಂಬು ತಾ" ಎಂದಳು. ಪುರೋಹಿತರು ಮುಹೂರ್ತ ಮೀರಿತೆಂದು ರಾಗ ಎಳೆದರು. "ಆಶೀರ್ವಾದಕ್ಕೇನ್ ಮುಹೂರ್ತ ಸ್ವಾಮಿ, ಬಿಡಿ" ಎಂದಳು ಹುಡುಗಿ. ತಳದಲ್ಲಿ ಉಳಿದಿದ್ದ ನಾಲ್ಕು ಹನಿ ಹಾಲನ್ನು ಆ ಎರಡು ಜೊತೆ ಕೈಗಳ ಮೇಲೆ ಬಿಟ್ಟು, ನನಗೆ ಬರುವ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಮಾಡಿದೆ. ಕಣ್ಣು ಮಂಜಾಗಿದ್ದರಿಂದ ಅರ್ಧ ಹಾಲು ಪುರೋಹಿತರ ಪುಸ್ತಕದ ಮೇಲೆ ಬಿತ್ತು.

ಬುಧವಾರ ಹೊಸಹಳ್ಳಿಯ ಒಬ್ಬರ ಮನೆಯಲ್ಲಿ ಸೇರಿದಾಗ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಕುರ್ಚಿಗಳನ್ನೇ ನೋಡುತ್ತಿದ್ದೆ, ಕರೆದವರ ಮುಖ ನೋಡಲಿಲ್ಲ ಎಂದು ಮುಗಿಸಿದೆ. ಎಲ್ಲರೂ ನಕ್ಕರು, ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು. ಹೀಗೆ ತಪ್ಪೊಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು ಎಂದು ಪಾದ್ರಿಗಳು ನನ್ನ ಬೆನ್ನು ತಟ್ಟಿದರು. ಮನೆಗೆ ನಡೆದು ಬರುತ್ತ ಸುಗುಣಳನ್ನು ಕೇಳಿದೆ: "ನಮ್ಮ ಗುಂಪಲ್ಲಿ ಇಷ್ಟು ಬಿಚ್ಚು ಮನಸ್ಸಿಂದ ಹೇಳ್ಕೊಳ್ಳೋರು ಬೇರೆ ಯಾರಿದಾರೆ ಹೇಳು?"

ಅವಳು ನಡಿಗೆ ನಿಲ್ಲಿಸದೆ, "ಮುಂದಿನ ವಾರ ಇದನ್ನೂ ಒಪ್ಕೊಂಡ್ಬಿಡಿ" ಎಂದಳು.

ಮಾತು ಸರಿಯಾಗಿಯೇ ಇತ್ತು, ತಲೆ ತಗ್ಗಿಸಿ ಒಪ್ಪಿಕೊಂಡೆ. ಮುಂದಿನ ವಾರವೂ ಮಾತಾಡುವ ಸರದಿ ನನಗೇ ಸಿಗುತ್ತದಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು.