ಕೈಲಾಂಚದ ಲಾರಿಯಲ್ಲಿ ತಿಮಿಂಗಿಲ ನೋಡಲು ಹೋದದ್ದು

ಇಪ್ಪತ್ತೆರಡು ವರ್ಷ ಒಂದೇ ವಿಷಯ ಪಾಠ ಮಾಡಿದವನಿಗೆ ಆ ವಿಷಯ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಪಾಪ, ನಂಬಲಿ. ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತೇನೆ. ಸಾಗರಗಳ ಅಧ್ಯಾಯ ಬಂದಾಗ ಬೋರ್ಡಿನ ಮೇಲೆ ಭೂಮಿಯನ್ನೂ ಚಂದ್ರನನ್ನೂ ದುಂಡಗೆ ಬರೆದು, ಚಂದ್ರ ನೀರನ್ನು ಹೇಗೆ ಎಳೆಯುತ್ತಾನೆ, ಉಬ್ಬರ ಹೇಗಾಗುತ್ತದೆ, ಇಳಿತ ಹೇಗಾಗುತ್ತದೆ ಎಂದು ಬಾಣದ ಗುರುತು ಹಾಕಿ ತೋರಿಸುತ್ತಿದ್ದೆ. ‘ಹುಣ್ಣಿಮೆ, ಅಮಾವಾಸ್ಯೆಗಳಂದು ಉಬ್ಬರವು ಅತಿ ಹೆಚ್ಚಾಗಿರುತ್ತದೆ’ ಎಂಬ ವಾಕ್ಯದ ಕೆಳಗೆ ಮಕ್ಕಳಿಂದ ಎರಡು ಗೆರೆ ಎಳೆಸುತ್ತಿದ್ದೆ. ತಪ್ಪು ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಆ ಮಕ್ಕಳೆಲ್ಲ ಎಲ್ಲಿದ್ದರೂ ನನ್ನನ್ನು ಕ್ಷಮಿಸಬೇಕು. ಆ ಬೆಂಚು ಈಗಲೂ ಕ್ಲಾಸಿನಲ್ಲಿದೆ, ಅದನ್ನು ಕಂಡಾಗಲೆಲ್ಲ ನಾನೇ ಹತ್ತಿ ನಿಲ್ಲಬೇಕೆನ್ನಿಸುತ್ತದೆ.

ಇದಕ್ಕೆಲ್ಲ ಮೂಲ ನಮ್ಮ ಸ್ಕೂಲಿನ ಹಿಂದೆ ಮರದ ಗೊಂಬೆ ಮಾಡುವ ಅಮ್ಜದ್ ಭಾಯ್. ಬೆಂಗಳೂರಿನ ಅಂಗಡಿಯೊಂದು ಅವರಿಗೆ ಮರದ ತಿಮಿಂಗಿಲ ಮಾಡಿಕೊಡಲು ಹೇಳಿತ್ತು. ಭಾಯ್ ನನ್ನ ಪಠ್ಯಪುಸ್ತಕದ ಚಿತ್ರ ನೋಡಿಕೊಂಡೇ ಒಂದನ್ನು ಕಡೆದು, ಅರಗಿನ ಬಣ್ಣ ಹಾಕಿ ಕಳಿಸಿದರು. ಬದನೆಕಾಯಿ ಚೆನ್ನಾಗಿದೆ, ತಿಮಿಂಗಿಲ ಯಾವಾಗ ಕಳಿಸುತ್ತೀರಿ ಎಂದು ಅಂಗಡಿಯವರು ಕೇಳಿದರಂತೆ. ಅವತ್ತಿನಿಂದ ಭಾಯ್‌ಗೆ ಊಟ ರುಚಿಸಲಿಲ್ಲ. “ಆನೆ ನೋಡಿದೀನಿ, ಮಾಡ್ತೀನಿ. ಕುದ್ರೆ ನೋಡಿದೀನಿ, ಮಾಡ್ತೀನಿ. ಕಣ್ಣಲ್ಲಿ ನೋಡ್ದೇ ಇರೋ ಜಾನ್ವರ್‌ನ ಕೈ ಹೆಂಗ್ ಮಾಡ್ತದೆ ಮೇಷ್ಟ್ರೇ?” ಎಂದು ನನ್ನ ಮುಂದೆ ಗೋಳಾಡಿದರು. ಉಡುಪಿ ದಾಟಿದ ಮೇಲೆ ಕಡಲಿನಲ್ಲಿ ತಿಮಿಂಗಿಲ ಒಮ್ಮೊಮ್ಮೆ ಕಾಣುತ್ತದೆಂದು ಎಲ್ಲೋ ಓದಿದ್ದ ನಾನು ಸುಮ್ಮನಿರಲಾರದೆ ಅದನ್ನು ಹೇಳಿದೆ. ಓದಿದ್ದನ್ನೆಲ್ಲ ಹೇಳುವುದು ನಮ್ಮ ವೃತ್ತಿಯ ರೋಗ. ಹಾಗಾದರೆ ಹೋಗಿ ನೋಡಿಯೇ ಬರೋಣವೆಂದು ಭಾಯ್ ಹಟ ಹಿಡಿದರು.

ಲಾರಿ ನನ್ನ ಭಾವಮೈದ ಪುಟ್ಟಸ್ವಾಮಿಯದು. ಕೈಲಾಂಚದ ಕಡೆಯಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊಡೆಯುವುದು ಅದರ ಕಸುಬು. ಒಮ್ಮೆ ರಾಮನಗರದ ಬೆಟ್ಟ ಹತ್ತಲು ಬಂದಿದ್ದ ವಿದೇಶಿಯರ ದೊಡ್ಡ ಟ್ರಕ್ಕಿನೊಳಗೆ ಇವನು ಇಣುಕಿ ನೋಡಿದ್ದ. ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ. ಅದರಲ್ಲೇ ಮಲಗಿ, ಅದರಲ್ಲೇ ಉಂಡು ದೇಶದೇಶ ತಿರುಗುತ್ತಾರೆಂದು ಕೇಳಿದ ಮೇಲೆ, “ನಮ್ ಲಾರಿಗೇನ್ ಬಂದೈತೆ ಭಾವ ರೋಗ” ಎಂದು ಅವನೂ ಎರಡು ಬೆಂಚು ಜಡಿದು, ಹಾಸಿಗೆ ಹಾಸಿ, ಸ್ಟವ್ ಇಟ್ಟ. ಮೇಲೆ ಕಬ್ಬಿಣದ ಪೈಪು ಬಗ್ಗಿಸಿ ಕಪ್ಪು ಟಾರ್ಪಾಲು ಎಳೆದು ಕಟ್ಟಿದ. ದೂರದಿಂದ ನೋಡಿದರೆ ಬೆನ್ನು ಬಾಗಿದ ದೊಡ್ಡ ಎಮ್ಮೆ ಮಲಗಿದಂತಿತ್ತು. ಈ ಬೆನ್ನನ್ನು ದಯವಿಟ್ಟು ನೆನಪಿನಲ್ಲಿಡಿ. ನಾನು ಮರೆಯಲಾರದೆ ಒದ್ದಾಡುತ್ತಿದ್ದೇನೆ.

ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಹಗಲಿರುಳು ಸೊಪ್ಪು ಮುಕ್ಕುತ್ತಿದ್ದವು. “ತಿಮಿಂಗಿಲಕ್ಕಿಂತ ಇವಕ್ಕೇ ಹೊಟ್ಟೆ ದೊಡ್ಡದು, ನೀವು ಹೋಗ್ಬನ್ನಿ” ಎಂದು ನನ್ನ ಹೆಂಡತಿ ಉಳಿದಳು. ಭಾಯ್, ಪುಟ್ಟಸ್ವಾಮಿ, ನಾನು, ನಮ್ಮ ಮೂವರ ಜೊತೆ ಅವ್ವ ಹೊರಟಳು. ಎಪ್ಪತ್ತೆರಡು ವರ್ಷಕ್ಕೆ ಅವಳು ಕಂಡ ಅತಿ ದೊಡ್ಡ ನೀರೆಂದರೆ ಕಣ್ವ ಜಲಾಶಯ.

ಘಟ್ಟ ಇಳಿದು ಕರಾವಳಿಯ ರಸ್ತೆ ಹಿಡಿದೆವು. ಒಂದು ಕಡೆ ತೆಂಗು, ಇನ್ನೊಂದು ಕಡೆ ಸಮುದ್ರ, ಮೈಲಿಗೊಂದು ಸೇತುವೆ, ಊರೂರಿಗೂ ಒಣಮೀನಿನ ವಾಸನೆ. ಪುಟ್ಟಸ್ವಾಮಿ ಸ್ಟೀರಿಂಗ್ ಹಿಡಿದುಕೊಂಡೇ, “ಇಷ್ಟ್ ನೀರ್ ಮಡಿಕ್ಕೊಂಡು ಒಂದ್ ಎಕ್ರೆ ರಾಗಿ ಹಾಕಿಲ್ವಲ್ಲ ಭಾವ ಇವ್ರು” ಎಂದು ದಾರಿಯುದ್ದಕ್ಕೂ ಮರುಗಿದ. ಅವ್ವ ಮಾತ್ರ ಸಮುದ್ರವನ್ನು ಬಹಳ ಹೊತ್ತು ನೋಡಿ, “ಕೆರೆ ಅಂದ್ಮೇಲೆ ಕೋಡಿ ಇರ್ಬೇಕು. ಇದ್ರ ಕೋಡಿ ಎಲ್ಲೈತಪ್ಪ?” ಎಂದಳು. ಸಮುದ್ರಕ್ಕೆ ಕೋಡಿ ಇಲ್ಲ ಅವ್ವ, ಅದು ತುಂಬಿ ಹರಿಯುವುದಿಲ್ಲ ಎಂದು ನಾನು ನಗುತ್ತ ಹೇಳಿದೆ. ಭೂಗೋಳದ ಮೇಷ್ಟರು ಹೇಳಿದ ಮಾತು ಇದು.

ಎರಡನೆಯ ದಿನ ಬೆಳಕು ಹರಿಯುವಾಗ ದೋಣಿ ಸಿಗುವ ಊರು ಮುಟ್ಟಿದೆವು. ನಮ್ಮ ಕಡೆ ದೂರ ಹೋದ ಲಾರಿಯನ್ನು ಕೆರೆಯಂಗಳಕ್ಕೆ ಇಳಿಸಿ, ನೀರಿನ ಅಂಚಿನಲ್ಲಿ ನಿಲ್ಲಿಸಿ, ಚಕ್ರ ತೊಳೆದು ಊದುಬತ್ತಿ ಹಚ್ಚುವುದು ಪದ್ಧತಿ. ಪುಟ್ಟಸ್ವಾಮಿ ಅದೇ ಪದ್ಧತಿಯಂತೆ ಲಾರಿಯನ್ನು ಮರಳಿಗೆ ಇಳಿಸಿದ. ನೀರು ಬಹಳ ಹಿಂದಕ್ಕೆ ಸರಿದಿತ್ತು. ಒದ್ದೆ ಮರಳು ಸಿಮೆಂಟು ಬಳಿದಂತೆ ಹೊಳೆಯುತ್ತಿತ್ತು. ಅವನಿಗೂ ಒಂದು ಅನುಮಾನ ಬಂದಿರಬೇಕು, “ಭಾವ, ನೀವ್ ಓದಿರೋರು. ಇಲ್ಲೇ ನಿಲ್ಸ್‌ಬೋದಾ ಒಸಿ ನೋಡಿ ಹೇಳಿ” ಎಂದ. ನಾನು ಕೆಳಗಿಳಿದೆ. ಹಿಮ್ಮಡಿಯಿಂದ ಮರಳನ್ನು ಎರಡು ಸಲ ಗುದ್ದಿದೆ. ಮಳೆ ಬರದೆ ಕೆರೆಯ ನೀರು ಒಂದು ಗೇಣೂ ಏರುವುದಿಲ್ಲ ಎಂಬುದು ನಮ್ಮ ಊರಿನ ಬುದ್ಧಿ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. “ಕಲ್ಲಿನಂಗೈತೆ. ನಿಲ್ಸು” ಎಂದೆ.

ದೂರದಲ್ಲಿ ಮೀನು ಒಣಹಾಕುತ್ತಿದ್ದ ಮುದುಕಿಯೊಬ್ಬಳು ನಮ್ಮ ಕಡೆ ಎರಡು ಕೈಯನ್ನೂ ಜೋರಾಗಿ ಆಡಿಸಿದಳು. ಕರಾವಳಿಯ ಜನ ಎಷ್ಟು ಸ್ನೇಹಜೀವಿಗಳೆಂದುಕೊಂಡು ನಾವು ಮೂವರೂ ಕೈ ಆಡಿಸಿದೆವು.

ಅವ್ವ ದೋಣಿ ಹತ್ತಲು ಒಪ್ಪಲಿಲ್ಲ. “ಇವತ್ತು ಹುಣ್ಣಿಮೆ ಕಣಪ್ಪ. ಹುಣ್ಣಿಮೆ ದಿನ ದೊಡ್ ನೀರ್ ತಾವ ಸುಳೀಬಾರ್ದು” ಎಂದಳು. ಹುಣ್ಣಿಮೆಗೂ ನೀರಿಗೂ ಏನು ಸಂಬಂಧ ಅವ್ವ, ಎಲ್ಲ ಮೂಢನಂಬಿಕೆ ಎಂದೆ. ಹೌದು, ಈ ಬಾಯಿಯಿಂದಲೇ ಅಂದೆ. ಅವಳು ಲಾರಿಯಲ್ಲೇ ಒಸಿ ಅಡ್ಡಾಗುತ್ತೇನೆಂದಳು. ನಾಯಿ ಹತ್ತಬಾರದೆಂದು ಲಾರಿಯ ಹಿಂದಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದವನೂ ನಾನೇ.

ದೋಣಿ ಹೊರಡುವ ಜಾಗ ಅಲ್ಲಿಂದ ಸುಮಾರು ದೂರ, ಹೊಳೆ ಸಮುದ್ರ ಸೇರುವ ಕಡೆ ಇತ್ತು. ಹಾಗಾಗಿ ದೋಣಿಯವರು ನಮ್ಮ ಲಾರಿಯನ್ನು ನೋಡಲಿಲ್ಲ. ಮೂರು ಗಂಟೆ ಕಡಲಿನಲ್ಲಿ ಸುತ್ತಿದೆವು. ಪುಟ್ಟಸ್ವಾಮಿ ಎರಡು ಸಲ ವಾಂತಿ ಮಾಡಿಕೊಂಡ. ತಿಮಿಂಗಿಲದ ಬಾಲವೂ ಕಾಣಲಿಲ್ಲ. ಸಾಕೆಂದು ದೋಣಿ ತಿರುಗಿಸಿದಾಗ ಅಮ್ಜದ್ ಭಾಯ್ ಎದ್ದು ನಿಂತು ದಡದ ಕಡೆ ಕೈ ಚಾಚಿದರು. “ಮೇಷ್ಟ್ರೇ, ಅಲ್ಲಿ. ಅಲ್ಲಾ ಕಸಮ್, ಅದೇ.”

ಅದೇ. ಕಪ್ಪಗೆ, ಬೆನ್ನು ಬಾಗಿಸಿಕೊಂಡು, ನೀರಿನ ಮೇಲೆ ಸ್ವಲ್ಪ ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿತ್ತು. ಅಲೆ ಬಂದು ಹೊಡೆದಾಗಲೆಲ್ಲ ಅದರ ತಲೆಯ ಮೇಲಿಂದ ಬಿಳಿಯ ನೀರು ಚಿಮ್ಮುತ್ತಿತ್ತು. ಪುಸ್ತಕದಲ್ಲಿ ಹೀಗೇ ಇದೆ ಎಂದು ನಾನು ಭಾಯ್‌ಗೆ ವಿವರಿಸತೊಡಗಿದೆ. ತಿಮಿಂಗಿಲ ಉಸಿರು ಬಿಡುವ ಕ್ರಮ, ಅದರ ಬೆನ್ನಿನ ಏಣು, ಎಲ್ಲ ಹೇಳಿದೆ. ಭಾಯ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಚಿತ್ರ ಬರೆದುಕೊಂಡರು. ದೋಣಿಯವನು ಹಣೆಗೆ ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ನೋಡಿ, “ಅದು ಮೀನಲ್ಲ ಮಾರಾಯ್ರೇ. ಅದಕ್ಕೆ ನಂಬರ್ ಪ್ಲೇಟ್ ಉಂಟು” ಎಂದ.

ಮುಂದಿನ ಹತ್ತು ನಿಮಿಷವನ್ನು ನಾನು ಎಷ್ಟು ಸಲ ಬದುಕಿದ್ದೇನೋ ಲೆಕ್ಕವಿಲ್ಲ. ಹಲ್ಲುಜ್ಜುವಾಗ, ಹಾಜರಿ ಕರೆಯುವಾಗ, ಸಾರಿಗೆ ಉಪ್ಪು ಹೆಚ್ಚಾಯಿತೆನ್ನುವಾಗ, ಅದು ನಡುವೆ ಬಂದು ನಿಲ್ಲುತ್ತದೆ. ದೋಣಿ ಓಡುತ್ತಿದೆ, ದಡ ಹತ್ತಿರ ಬರುತ್ತಿಲ್ಲ. ಲಾರಿ ಪ್ರತಿ ಅಲೆಗೂ ಇನ್ನಷ್ಟು ವಾಲುತ್ತಿದೆ. ಚಕ್ರದ ಕೆಳಗಿನ ಕಲ್ಲಿನಂಥ ಮರಳು ಸಕ್ಕರೆಯಂತೆ ಕರಗುತ್ತಿದೆ. ಒಳಗೆ ಅವ್ವ ಇದ್ದಾಳೆ, ಹೊರಗೆ ಚಿಲಕ ಇದೆ. ನನಗೆ ಈಜು ಬಾರದು. ನನಗೆ ಬರುತ್ತಿದ್ದದ್ದು ಒಂದೇ ವಾಕ್ಯ, ಕೆಳಗೆ ಎರಡು ಗೆರೆ ಎಳೆದದ್ದು. ಅದು ಆಗ ಅಚ್ಚುಕಟ್ಟಾಗಿ, ಚುಕ್ಕೆ ಸಮೇತ ನೆನಪಿಗೆ ಬಂತು. ಪುಟ್ಟಸ್ವಾಮಿ ದೋಣಿಯ ಅಂಚು ಹಿಡಿದು “ಅತ್ತೆ, ಅತ್ತೆ” ಎಂದು ಕೂಗುತ್ತಿದ್ದ.

ಅಷ್ಟರಲ್ಲಿ ಆ ಮುದುಕಿ ಊರನ್ನೆಲ್ಲ ಕೂಗಿ ಕರೆದಿದ್ದಳು. ಇಬ್ಬರು ಮೀನುಗಾರರು ಎದೆಮಟ್ಟದ ನೀರಿಗೆ ಇಳಿದು ಚಿಲಕ ತೆಗೆದರು. ಅವ್ವ ಬೆಂಚಿನ ಮೇಲೆ ಕಾಲು ಮಡಿಚಿಕೊಂಡು ಕೂತಿದ್ದಳಂತೆ, ಸೊಂಟದವರೆಗೆ ನೀರು, ಮಡಿಲಲ್ಲಿ ಮುದ್ದೆಯ ಪಾತ್ರೆ. ಅವರಲ್ಲೊಬ್ಬ ಬೆನ್ನು ಕೊಟ್ಟಾಗ, “ಮೊದ್ಲು ಸ್ಟವ್ ತಕ್ಕೊಳಪ್ಪ, ಹೊಸ್ದು” ಎಂದಳಂತೆ. ನಾನು ದಡ ಮುಟ್ಟುವ ವೇಳೆಗೆ ಅವಳು ಮುದುಕಿಯ ಒಣಸೀರೆ ಸುತ್ತಿಕೊಂಡು ಗಂಜಿ ಕುಡಿಯುತ್ತಿದ್ದಳು. ನೀರು ಇಳಿದ ಮೇಲೆ ಮೀನುಗಾರರು ಬಲೆ ಎಳೆಯುವ ಹಗ್ಗ ಕಟ್ಟಿ, ಐವತ್ತು ಜನ ಕೂಡಿ ಲಾರಿಯನ್ನು ಮೇಲಕ್ಕೆಳೆದರು. ಟಾರ್ಪಾಲಿನೊಳಗಿಂದ ಒಂದು ಏಡಿ ಇಳಿದು ಹೋಯಿತು.

ಅವ್ವನ ಮುಂದೆ ಪುಟ್ಟಸ್ವಾಮಿ ಕೈ ಕಟ್ಟಿ ನಿಂತು, “ತಪ್ಪು ನಂದೇ ಅತ್ತೆ. ನೋಡ್ದೇ ನಿಲ್ಸ್‌ಬುಟ್ಟೆ” ಎಂದ. ಭಾವನ ಮರ್ಯಾದೆ ಉಳಿಸಿದ. ಅಲ್ಲ ಅವ್ವ, ನಿಲ್ಸು ಅಂದವನು ನಾನು ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ನಾನು ಗಂಟಲು ಸರಿಮಾಡಿಕೊಂಡು, “ಹೋಗ್ಲಿ ಬಿಡು ಪುಟ್ಟಸ್ವಾಮಿ, ಎಲ್ರಿಗೂ ತಪ್ಪಾಗ್ತದೆ” ಎಂದೆ. ಅವನನ್ನು ಕ್ಷಮಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಹೇಡಿತನಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಅಮ್ಜದ್ ಭಾಯ್ ಆ ಚಿತ್ರ ನೋಡಿಕೊಂಡೇ ತಿಮಿಂಗಿಲ ಕಡೆದರು. ಕಪ್ಪು ಬಣ್ಣ, ಬಾಗಿದ ಬೆನ್ನು, ಒಂದು ಪಕ್ಕಕ್ಕೆ ಸ್ವಲ್ಪ ವಾಲು, ಕೆಳಗೆ ನಾಲ್ಕು ಚಕ್ರ. ಅಂಗಡಿಯವರು, ಈಗ ಜೀವ ಬಂದಿದೆ ನೋಡಿ ಎಂದರಂತೆ. ಭಾಯ್ ನನಗೂ ಒಂದು ಕೊಟ್ಟಿದ್ದಾರೆ. ಅದನ್ನು ಬೀರುವಿನಲ್ಲಿ ಬಟ್ಟೆಗಳ ಹಿಂದೆ ಇಟ್ಟಿದ್ದೇನೆ. ಈ ವರ್ಷ ಸಾಗರಗಳ ಅಧ್ಯಾಯವನ್ನು ಮಕ್ಕಳೇ ಓದಿಕೊಳ್ಳಲಿ ಎಂದು ಬಿಟ್ಟಿದ್ದೇನೆ.

ಅವ್ವ ಈ ವಿಚಾರ ಒಂದು ದಿನವೂ ಎತ್ತಿಲ್ಲ. ಆ ಬೆಳಗ್ಗೆ ಅವಳು ಟಾರ್ಪಾಲಿನ ಒಳಗೆ ಎಚ್ಚರವಾಗಿದ್ದಳೋ, ನಾನು ಮರಳು ಗುದ್ದಿ ಹೇಳಿದ ಮಾತು ಅವಳ ಕಿವಿಗೆ ಬಿತ್ತೋ ಎಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಪ್ರತಿ ಹುಣ್ಣಿಮೆಯ ಸಂಜೆ ಅವಳು ಜಗಲಿಯಲ್ಲಿ ಕೂತು ಅವರೆಕಾಳು ಸುಲಿಯುತ್ತ, ತಲೆ ಎತ್ತದೆ ಕೇಳುತ್ತಾಳೆ: “ಸ್ಕೂಟ್ರು ಎಲ್ಲಿ ನಿಲ್ಸಿದೀಯಪ್ಪ?”

ನಮ್ಮ ಮನೆಗೂ ಸಮುದ್ರಕ್ಕೂ ನಡುವೆ ಇಡೀ ಪಶ್ಚಿಮ ಘಟ್ಟ ಅಡ್ಡ ಇದೆ. ಅದನ್ನು ನಾನೇ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಸ್ಕೂಟರನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿ ಬರುತ್ತೇನೆ.