ಹೆದರಿಸಿದ ಹಲ್ಲಿನ ಕಷಾಯ

ಸೂಯ್ ಚಿಕ್ಕಪ್ಪ ಆ ಡೈನೋಸಾರ್ ದವಡೆಯನ್ನು ನೋಡಲೇಬಾರದಿತ್ತು. ನೋಡಿದ್ದು ಹೋಗಲಿ, ಕುತೂಹಲ ತಡೆಯಲಾರದೆ ಒಳಗೆ ಕೈ ಹಾಕಲೇಬಾರದಿತ್ತು. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಅದು ತನ್ನನ್ನು ಕಾಲಿನ ಕಡೆಯಿಂದ ಅಗಿಯುತ್ತಾ ಬರುವ ಕನಸು.

"ಅದು ಶುದ್ಧ ಸಸ್ಯಾಹಾರಿ ಚಿಕ್ಕಪ್ಪ, ಸೊಪ್ಪು ಸದೆ ಬಿಟ್ಟು ಬೇರೇನೂ ಮುಟ್ತಿರಲಿಲ್ಲ," ಎಂದು ಲುವಾನ್ ದೆಶುನ್ ಸಮಾಧಾನ ಹೇಳಿದ್ದ.

"ಆ ಮಾತು ಕನಸಲ್ಲಿ ಬಂದು ಅದಕ್ಕೆ ಹೇಳು," ಎಂದಿದ್ದರು ಚಿಕ್ಕಪ್ಪ.

ಶಾಂಡೊಂಗ್ ಸೀಮೆಯ ಆ ಹಳ್ಳಿಯಲ್ಲಿ ಹಳೇ ಧಾನ್ಯದ ಉಗ್ರಾಣವೇ ಈಗ ಮ್ಯೂಸಿಯಂ. ದೆಶುನ್ ವರ್ಷಗಟ್ಟಲೆ ಅಲ್ಲಿ ಕೂತು, ಸೂಜಿಯಲ್ಲಿ ಕೆದಕಿ ಕೆದಕಿ, ಬಂಡೆಯೊಳಗಿಂದ ಆ ಡೈನೋಸಾರ್ ದವಡೆಯನ್ನು ಬಿಡಿಸಿದ್ದ. ಜೋಳದ ತೆನೆಯ ಕಾಳಿನಂತೆ ಒತ್ತೊತ್ತಾಗಿ ನೂರಾರು ಹಲ್ಲು. ಮೇಲಿನದು ಸವೆದರೆ ಕೆಳಗಿನದು ಏರಿ ಬರಬೇಕು, ಅದರ ಕೆಳಗೆ ಇನ್ನೊಂದು ಕಾಯುತ್ತಿರಬೇಕು. ಎಷ್ಟು ಸಲ ನೋಡಿದರೂ ದೆಶುನ್‌ಗೆ ಮೈ ಜುಮ್ಮೆನ್ನುತ್ತಿತ್ತು.

ಒಂದೊಂದು ಹಲ್ಲಿನ ನಟ್ಟನಡುವೆ, ಮೇಲಿಂದ ಕೆಳಗೆ ಎದ್ದ ಗೆರೆಯಂತೆ, ಒಂದೇ ಒಂದು ಏಣು. ಆ ಸೀಮೆಯಲ್ಲಿ ಸಿಕ್ಕ ದವಡೆಗಳೆಲ್ಲ ಹಾಗೇ. ಆದರೆ ಈ ದವಡೆಯಿಂದ ಕಳಚಿ ಬಿದ್ದಿದ್ದ ಒಂದು ಹಲ್ಲಿನಲ್ಲಿ ಮಾತ್ರ ಪಕ್ಕಕ್ಕೊಂದು ಮರಿ ಏಣು ಕಂಡಿತ್ತು. ಅಂದರೆ ಇದು ಯಾರೂ ಕಾಣದ ಹೊಸ ಜಾತಿ. ಇವತ್ತು ಪಳೆಯುಳಿಕೆ ತಜ್ಞೆ ಪ್ರೊಫೆಸರ್ ಗೆಂಗ್ ಬಂದು ಹೌದೆಂದರೆ ಪ್ರಾಣಿಗೆ ಅವನ ಮನೆತನದ ಲುವಾನ್ ಎಂಬ ಹೆಸರೇ ಬೀಳಬಹುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ, ಅವನ ಹೆಂಡತಿ ಆಗಲೇ ಊರೆಲ್ಲ ಸಾರಿಬಿಟ್ಟಿದ್ದಳು.

ಬೆಳಿಗ್ಗೆ, ಬಿರುಕು ಬಿಡದಿರಲೆಂದು ಆ ಹಲ್ಲಿಗೆ ಇನ್ನೊಂದು ಕೈ ಅಂಟು ಸವರಿ, ಒಣಗಲೆಂದು ಕಿಟಕಿಯಲ್ಲಿಟ್ಟು, ದೆಶುನ್ ಚಹಾಕ್ಕೆ ನೀರು ತರಲು ಹೋದ. ಬಂದು ನೋಡಿದರೆ ಹಲ್ಲಿಲ್ಲ. ಅದರ ಜಾಗದಲ್ಲಿ ಬಿಸಿ ಬಿಸಿ ಬನ್ನು ಎರಡು. ಅಂಥ ಬನ್ನು ಮಾಡುವವರು ಊರಲ್ಲಿ ಸೂಯ್ ಚಿಕ್ಕಮ್ಮ ಒಬ್ಬರೇ.

ಅವನು ಓಡಿಹೋದಾಗ ಚಿಕ್ಕಮ್ಮ ಒಲೆಯ ಮುಂದೆ ಕೂತು ಮಡಕೆ ಕಲಕುತ್ತಿದ್ದರು.

"ಚಿಕ್ಕಮ್ಮ, ನನ್ನ ಹಲ್ಲು?"

"ಬೇಯ್ತಾ ಇದೆ," ಎಂದರು ಚಿಕ್ಕಮ್ಮ, ಆಲೂಗಡ್ಡೆ ಬೇಯುತ್ತಿದೆ ಎನ್ನುವಂತೆ. "ಡ್ರ್ಯಾಗನ್ ಹಲ್ಲಿನ ಕಷಾಯಕ್ಕೆ ಹೋಗದ ಹೆದರಿಕೆ ಉಂಟಾ? ನಮ್ಮಜ್ಜಿ ಕಾಲದ ಹಲ್ಲು ಹಾಕಿ ನೋಡ್ದೆ, ಚಿಕ್ಕಪ್ಪಂಗೆ ನಿದ್ದೆ ಹತ್ತಲಿಲ್ಲ. ಹೆದರಿಸಿದ ಹಲ್ಲೇ ಬೀಳಬೇಕು ಅಂತ ನಿನ್ನದೂ ತಂದೆ. ನೂರಾರು ಇದ್ದಾವಲ್ಲಪ್ಪ, ಒಂದಕ್ಕೆ ಇಷ್ಟು ಬಾಯಿ ಬಡ್ಕೋಬೇಕಾ?"

ಸೌಟಿನಲ್ಲಿ ತೆಗೆದರೆ ಒಂದಲ್ಲ, ಒಂದು ಹಿಡಿ ಹಲ್ಲು. ಚಿಕ್ಕಪ್ಪನ ಸಂಕಟ ಕೇಳಿ ನೆರೆಹೊರೆಯವರೂ ಎಂದೋ ನೆಲ ಅಗೆಯುವಾಗ ಸಿಕ್ಕು ತಮ್ಮ ಮನೆಯ ಮದ್ದಿನ ಡಬ್ಬಿ ಸೇರಿದ್ದ ಡ್ರ್ಯಾಗನ್ ಹಲ್ಲು ಒಂದೊಂದು ಕೊಟ್ಟಿದ್ದರಂತೆ. ಬೆಂದು ಎಲ್ಲಕ್ಕೂ ಒಂದೇ ಬಣ್ಣ ಬಂದಿತ್ತು. ದೆಶುನ್ ನೆಲದ ಮೇಲೆ ಕೂತು ಭೂತಗನ್ನಡಿ ಹಿಡಿದ. ಒಂದು ಏಣು, ಒಂದು ಏಣು, ಇದಕ್ಕೂ ಒಂದೇ. ಬಾಗಿಲಲ್ಲಿ ಊರು ನೆರೆದು ತಲೆಗೊಂದು ಸಲಹೆ ಕೊಡುತ್ತಿತ್ತು. "ನೆಕ್ಕಿ ನೋಡೋ, ನಿಜವಾದ ಎಲುಬು ನಾಲಗೆಗೆ ಅಂಟುತ್ತೆ," ಎಂದರು ಯಾರೋ. ಕೊನೆಗೆ ಮರಿ ಏಣಿನ ಹಲ್ಲು ಸಿಕ್ಕಿತು. ಹೋದ ಜೀವ ಬಂದಂತಾಗಿ, ಎಲ್ಲ ಹಲ್ಲನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಓಡಿದ. ಮದ್ದು ಹೋಯಿತಲ್ಲ ಎಂದು ಚಿಕ್ಕಮ್ಮ ಅವನ ಹಿಂದೆ, ಚಿಕ್ಕಮ್ಮನ ಹಿಂದೆ ಊರು.

ಪ್ರೊಫೆಸರ್ ಗೆಂಗ್ ಆಗಲೇ ಬಂದು ದವಡೆಯ ಮುಂದೆ ಬಗ್ಗಿದ್ದರು. ಟಾರ್ಚನ್ನು ಓರೆಯಾಗಿ ಹಿಡಿದು, "ಈ ಗೀರು ನೋಡಿ," ಎಂದರು ಮೆಲ್ಲಗೆ. "ಸೊಪ್ಪಿನ ಜೊತೆ ಮಣ್ಣು ಸೇರಿ ಬಿದ್ದದ್ದು. ಇದರ ಕೊನೇ ಊಟ ಇರಬಹುದು. ಆಮೇಲೆ ಏಳು ಕೋಟಿ ವರ್ಷ ಕಳೆದಿದೆ."

ಸಲಹೆ ಕೊಡುತ್ತಿದ್ದ ಊರು ದವಡೆಯತ್ತ ಕತ್ತು ಚಾಚಿತು. ಚಿಕ್ಕಮ್ಮ ತಲೆಗೆ ಕಟ್ಟಿದ್ದ ವಸ್ತ್ರವನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

ದೆಶುನ್ ಕರವಸ್ತ್ರ ಬಿಚ್ಚಿ ಮರಿ ಏಣಿನ ಹಲ್ಲು ಕೊಟ್ಟ. ಪ್ರೊಫೆಸರ್ ಅದನ್ನು ದವಡೆಯಲ್ಲಿ ಹಲ್ಲು ಕಳಚಿದ್ದ ಖಾಲಿ ಗೂಡಿಗೆ ಹಿಡಿದರು. ಕೂರಲಿಲ್ಲ. ಕೊಂಚ ದಪ್ಪವಾಯಿತೆಂದು ತಿರುಗಿಸಿ ಹಿಡಿದರು. ಆಗಲೂ ಕೂರಲಿಲ್ಲ. ಕರವಸ್ತ್ರದಿಂದ ಬೇರೊಂದನ್ನು ಆರಿಸಿ ಇಟ್ಟರು. ಬೀಗಕ್ಕೆ ಕೀಲಿಯಂತೆ ಕೂತಿತು.

"ನಿಮ್ಮ ಹಲ್ಲು ಇದು, ಲುವಾನ್ ಅವರೇ. ಇದಕ್ಕೆ ಒಂದೇ ಏಣು."

"ಮರಿ ಏಣು ನಾನೇ ಕಣ್ಣಾರೆ ನೋಡಿದ್ದೆ ಮೇಡಂ."

"ನೀವು ನೋಡಿದ್ದು ಅಂಟು, ಇಳಿದು ಏಣಿನ ಹಾಗೆ ಗಟ್ಟಿಯಾಗಿರಬೇಕು. ಯಾರೋ ಚೆನ್ನಾಗಿ ಬೇಯಿಸಿದ್ದಾರೆ, ಕರಗಿಹೋಗಿದೆ. ದವಡೆ ನಮಗೆ ಗೊತ್ತಿರೋ ಜಾತಿಯದ್ದೇ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದೆಶುನ್ ಉಳಿದ ಹಲ್ಲುಗಳನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟತೊಡಗಿದ. ಪ್ರೊಫೆಸರ್ ಮಾತ್ರ ಮೊದಲಿನ ಮರಿ ಏಣಿನ ಹಲ್ಲನ್ನು ಬೆಳಕಿಗೆ ಹಿಡಿದವರು ಇಳಿಸಲೇ ಇಲ್ಲ.

"ಇಂಥದ್ದನ್ನ ನಾನೆಲ್ಲೂ ನೋಡಿಲ್ಲ. ಇದು ಎಲ್ಲಿ ಸಿಕ್ತು?"

"ಅದು ನಮ್ಮಜ್ಜಿದು," ಎಂದರು ಚಿಕ್ಕಮ್ಮ. "ಈಗಿರೋ ನಮ್ಮ ಮನೆಗೆ ಪಾಯ ತೋಡುವಾಗ ಸಿಕ್ಕಿದ್ದು."

"ಹಾಗಾದ್ರೆ ಹೊಸ ಪ್ರಾಣಿಗೆ ನಿಮ್ಮ ಮನೆ ಹೆಸರೇ ಇಡಬೇಕು. ಇದರ ದವಡೆ ಈ ದವಡೆಗಿಂತ ದೊಡ್ಡದು. ನಿಮ್ಮ ಮನೆ ಕೆಳಗೇ ಇರಬೇಕು."

ಹೊರಗೆ ಬಾಗಿಲ ಮರೆಯಲ್ಲಿ ಏನೋ ಧೊಪ್ಪೆಂದಿತು. ಹೆದರಿ ಒಳಗೆ ಬಾರದೆ ನಿಂತಿದ್ದ ಸೂಯ್ ಚಿಕ್ಕಪ್ಪ ಬಿದ್ದಿದ್ದರು.

ಆ ಸಂಜೆಯೇ ಚಿಕ್ಕಪ್ಪ ಹಾಸಿಗೆ ಸುತ್ತಿಕೊಂಡು ದೆಶುನ್ ಮನೆಗೆ ಬಂದುಬಿಟ್ಟರು. ದೆಶುನ್ ಮಲಗುವ, ಕೆಳಗೆ ಬೆಂಕಿ ಹಾಕಿ ಬೆಚ್ಚಗಿಟ್ಟ ಇಟ್ಟಿಗೆ ಜಗಲಿಯ ಮೇಲೆ ಅಡ್ಡವಾಗಿ, ಎಷ್ಟೋ ದಿನದ ಮೇಲೆ ಗೊರಕೆ ಹೊಡೆದರು. ದೆಶುನ್ ಮೂಲೆಯ ತಣ್ಣನೆ ನೆಲದ ಮೇಲೆ ಚಾಪೆ ಹಾಸಿಕೊಂಡ. ಕಣ್ಣು ಮುಚ್ಚಿದ್ದೇ ತಡ, ಕಾಲಿನ ಕಡೆಯಿಂದ ಏನೋ ಅಗಿಯುತ್ತಾ ಬಂತು.