ಉಡಿಗೆ ಬಿದ್ದ ಖಣ

ಸಿಂಧನೂರಿನ ಬಜಾರಿನಲ್ಲಿ ಶಿವಶರಣಪ್ಪನದು ಬಟ್ಟೆ ಅಂಗಡಿ. ಕಾಲುವೆ ನೀರು ಬಂದು, ಭತ್ತ ಬೆಳೆದು, ಜನರ ಕೈ ಬಿಚ್ಚಿದ ಮೇಲೆ ಟೆರಿಲಿನ್ನು, ನೈಲೆಕ್ಸು ಎಂದು ಥಾನುಗಟ್ಟಲೆ ಮಾರಿದ ಮನುಷ್ಯ. ಆದರೆ ಹೆಂಡತಿ ಕಸ್ತೂರೆಮ್ಮನ ಕುಬಸಕ್ಕೆ ಬರುತ್ತಿದ್ದುದು ಮಾತ್ರ ಥಾನಿನ ಕೊನೆಗೆ ಉಳಿದ ತುಂಡು. ಒಂದು ಮದುವೆಯಲ್ಲಿ ಯಾರೋ ಹೆಂಗಸು, "ಏನಬೇ ಕಸ್ತೂರಿ, ಎಡಗಡೆ ತೋಳಿಗೊಂದು ಬಣ್ಣ, ಬಲಗಡೆ ತೋಳಿಗೊಂದು ಬಣ್ಣ?" ಎಂದು ಕೇಳಿಯೇಬಿಟ್ಟಳು.

"ಬಟ್ಟಿ ಅಂಗಡಿಯವನ್ನ ಮಾಡ್ಕೊಂಡೀನಿ, ಗಿರಾಕಿಗೆ ಎರಡೂ ಸರಕು ತೋರಿಸಬ್ಯಾಡೇನು?" ಎಂದು ಕಸ್ತೂರೆಮ್ಮ ನಕ್ಕಳು. ಪಂಕ್ತಿಯೆಲ್ಲ ನಕ್ಕಿತು. ಎದುರು ಸಾಲಿನಲ್ಲಿದ್ದ ಶಿವಶರಣಪ್ಪನಿಗೆ ಮಾತ್ರ ತುತ್ತು ಇಳಿಯಲಿಲ್ಲ.

ಮರುವಾರವೇ ಯಾರಿಗೂ ಹೇಳದೆ ಗುಳೇದಗುಡ್ಡಕ್ಕೆ ಹೋಗಿ, ನೇಕಾರನ ಮನೆಯಲ್ಲೇ ಕೂತು, ಹೆಂಡತಿಯ ಕುಬಸಕ್ಕೆಂದು ಒಂದು ರೇಷ್ಮೆ ಖಣ ಆರಿಸಿ ತಂದ. ದಾಳಿಂಬೆ ಬಣ್ಣ, ಮೈತುಂಬ ತುಳಸಿ ಎಲೆಯ ನೇಯ್ಗೆ. ಜೀವಮಾನವೆಲ್ಲ ಗಿರಣಿ ಬಟ್ಟೆ ಹರಿದುಕೊಟ್ಟ ಅವನ ಬೆರಳುಗಳು ಅದನ್ನು ಮುಟ್ಟಿ ತಾವೇ ನಾಚಿಕೊಂಡವು.

ಮನೆಗೆ ಬಂದರೆ ಪಂಚಮಿಗೆಂದು ಲಿಂಗಸುಗೂರಿನಿಂದ ಅಕ್ಕ ವೀರಭದ್ರಮ್ಮ ಬಂದು ಕೂತಿದ್ದಳು. ಹಿರಿಯಳಾದ ಅಕ್ಕನ ಎದುರು ಹೆಂಡತಿಯ ಕೈಗೆ ಖಣ ಕೊಡುವುದೆಂದರೆ ಏನು ಮಾತು! ಅಕ್ಕ ಹೋಗುವ ತನಕ ಬಚ್ಚಿಡಬೇಕು. ಎಲ್ಲಿ? ಅವನಿಗೆ ಹೊಳೆದದ್ದು ಉಡಿ ಖಣಗಳ ಗಂಟು. ಯಾರದೋ ಮನೆಯಲ್ಲಿ ಉಡಿ ತುಂಬಿದಾಗ ಮಡಿಲಿಗೆ ಬಂದವು, ನಾಳೆ ಇನ್ಯಾರದೋ ಉಡಿಗೆ ಹೋಗುವವು. ಅವನ್ನು ಯಾರೂ ಬಿಚ್ಚುವುದಿಲ್ಲ, ಹೊಲಿಸುವುದಿಲ್ಲ, ಕಣ್ಣೆತ್ತಿಯೂ ನೋಡುವುದಿಲ್ಲ. ಶಿವಶರಣಪ್ಪ ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡು ರೇಷ್ಮೆ ಖಣವನ್ನು ಆ ಗಂಟಿನಲ್ಲಿ ಇಟ್ಟ.

ಅಕ್ಕ ಊರಿಗೆ ಹೊರಟ ದಿನ ಮಧ್ಯಾಹ್ನ ಉಟ್ಟ ಧೋತರ ನೆಲಕ್ಕೆ ತಾಗದಂತೆ ಹಾರುತ್ತ ಮನೆಗೆ ಬಂದ. ಗಂಟು ಬಿಚ್ಚಿದ. ಖಣ ಇಲ್ಲ.

"ಅಕ್ಕಗ ಯಾವ ಖಣ ಹಾಕಿ ಉಡಿ ತುಂಬಿದಿ?"

"ಯಾವುದೋ ಒಂದ್ರಿ. ಉಡಿಗೆ ಹಾಕಿದ್ದನ್ನ ಹಿಂಗ ಕೇಳ್ತಾರೇನು?" ಎಂದು ಕಸ್ತೂರೆಮ್ಮ ಒಲೆಯ ಕಡೆ ತಿರುಗಿದಳು.

ರೇಷ್ಮೆ ಖಣ ಅಕ್ಕನ ಉಡಿ ಸೇರಿತ್ತು. ತವರಿನ ಉಡಿ ವಾಪಸು ಕೇಳುವಂತಿಲ್ಲ. ಆದರೆ ಒಂದು ದಾರಿ ಉಳಿದಿತ್ತು. ತವರಿನ ಉಡಿಯನ್ನು ಗಂಡನ ಮನೆಯ ದೇವರ ಮುಂದೆಯೇ ಬಿಚ್ಚಬೇಕು, ಅಲ್ಲಿಯ ತನಕ ಗಂಟು ಗಂಟಾಗಿಯೇ ಇರುತ್ತದೆ. ಅಕ್ಕ ನಡುವೆ ಮಸ್ಕಿಯಲ್ಲಿ ಇಳಿದು ಗುಡ್ಡದ ಮಲ್ಲಯ್ಯನಿಗೆ ಕೈಮುಗಿದು ಹೋಗುತ್ತೇನೆ ಎಂದಿದ್ದಳು. ಅಲ್ಲೇ ಹಿಡಿದು, ಮಾತಿಗೆ ಎಳೆದು, ಖಣ ಬದಲಿಸಿಬಿಟ್ಟರೆ ಶಿವನೂ ಕ್ಷಮಿಸಿಯಾನು. "ಅಕ್ಕನ್ನ ಕಂಡು ಬರ್ತೀನಿ" ಎಂದು ಹೆಂಡತಿಗೆ ಕೂಗಿ, ಅಂಗಡಿಯದೊಂದು ನೈಲಾನ್ ಖಣ ಜೇಬಿಗೆ ತುರುಕಿಕೊಂಡು ಬಸ್ಸು ಹತ್ತಿದ.

ಪಕ್ಕದ ಸೀಟಿನಲ್ಲಿ ಕರಿಬಸಯ್ಯ! ಅವನ ಅಂಗಡಿಯ ಪಕ್ಕದಲ್ಲೇ ವಿಭೂತಿ, ಊದಿನಕಡ್ಡಿ ಮಾರುವ ಅಯ್ಯನವರು. ಊರಿನ ಸುದ್ದಿಯೆಲ್ಲ ಅವರ ಕಿವಿಯಿಂದಲೇ ಹಾದು ಹೋಗಬೇಕು.

"ನಡುಮಧ್ಯಾಹ್ನ ಅಂಗಡಿ ಮುಚ್ಚಿ ಎತ್ತ ಹೊಂಟಿಯೋ?"

"ಮಸ್ಕಿಗೆ ರೀ, ಅಯ್ಯನೋರ." ಮುಂದೇನು ಹೇಳುವುದು? ಬಾಯಿಗೆ ಬಂದದ್ದು ಹೇಳಿದ. "ಅಶೋಕನ ಶಾಸನ ನೋಡಾಕ."

ಕರಿಬಸಯ್ಯ ಕೂತಲ್ಲೇ ಜಿಗಿದರು. "ಭೇಷ್! ಟೆರಿಲಿನ್ ಮಾರಾವಗ ಈಗಾರ ಬುದ್ಧಿ ಬಂತಲ್ಲ. ಬಸ್ಸಿನ ಕಿಟಕ್ಯಾಗ ಗುಡ್ಡ ನೋಡಿ ನೋಡಿ ನನ್ನ ಕಣ್ಣು ಸವದಾವ, ಶಾಸನ ನೋಡಿಲ್ಲ. ನಾನೂ ಬರ್ತೀನಿ ನಡಿ."

ಮಸ್ಕಿಯಲ್ಲಿ ಇಳಿಯುತ್ತಲೇ ಶಿವಶರಣಪ್ಪನಿಗೆ ದೂರದಲ್ಲಿ ಅಕ್ಕ ಕಂಡಳು. ಉಡಿಯನ್ನು ಎರಡೂ ಕೈಯಿಂದ ಅವಚಿಕೊಂಡು ಬಸ್ಸಿನ ಕಡೆ ನಡೆದಿದ್ದಳು. ಓಡಬೇಕೆಂದ. ಕರಿಬಸಯ್ಯ ರಟ್ಟೆ ಹಿಡಿದರು. "ಆ ಕಡೆ ಅಲ್ಲೋ ಮಾರಾಯಾ, ಶಾಸನ ಈ ಕಡೆ."

ಶಾಸನದ ಕಾವಲುಗಾರ ಬಾಬುಸಾಬ್ ಬೀಗ ತೆಗೆದ. ಇಬ್ಬರು ಬಂದರೂ ಇನ್ನೂರು ಜನ ಬಂದಂತೆ ಸಂಭ್ರಮಪಡುವ ಮನುಷ್ಯ. "ಸಾವಕಾಶ ನೋಡ್ರಿ ಸಾಹೇಬ್ರ. ಅಶೋಕ ಅಂತ ಖುದ್ದು ಹೆಸರೇ ಕೊರದಾರ ಇಲ್ಲಿ. ಎರಡು ಸಾವಿರ ವರ್ಷದ ಮ್ಯಾಲಾತು, ಅಕ್ಷರ ಜಾಗಾ ಬಿಟ್ಟು ಅಲುಗಿಲ್ಲ."

ಶಿವಶರಣಪ್ಪ ಬಂಡೆ ನೋಡಿದ. ಇಲ್ಲಿ ರಾಜ ಇಟ್ಟ ಮಾತು ಇಟ್ಟಲ್ಲೇ ಇದೆ, ತಾನು ಇಟ್ಟ ಖಣ ಒಂದು ಹಬ್ಬ ಮುಗಿಯುವ ತನಕ ನಿಲ್ಲಲಿಲ್ಲ. ಅಷ್ಟರಲ್ಲಿ ಲಿಂಗಸುಗೂರಿನ ಬಸ್ಸು ಹಾರ್ನ್ ಹೊಡೆದು ಹೊರಟಿತು. ಅವನ ಕಣ್ಣು ತುಂಬಿ ಬಂತು.

"ನೋಡ್ರಿ ಬಾಬುಸಾಬ್," ಎಂದು ಕರಿಬಸಯ್ಯ ಗದ್ಗದರಾದರು. "ದೇಶಾಭಿಮಾನ ಅಂದ್ರ ಇದು. ಅಳಾಕತ್ತಾನ."

"ನಾ ಲಿಂಗಸುಗೂರಿಗೆ ಹೋಗಬೇಕ್ರಿ," ಎಂದ ಶಿವಶರಣಪ್ಪ ಮೂಗು ಒರೆಸಿಕೊಂಡು.

"ಅಲ್ಲೇನು ನೋಡ್ತಿ?"

"ಅಲ್ಲಿ... ಇಂಗ್ರೇಜಿ ದಂಡಿನ ಕಾಲದ ಕಟ್ಟಡ ಅದಾವಲ್ಲ."

ಆಡಿದ ಮಾತಿಗೆ ದಂಡ ತೆರಲೇಬೇಕಾಯಿತು. ಲಿಂಗಸುಗೂರಿನಲ್ಲಿ ಕರಿಬಸಯ್ಯ ಅವನನ್ನು ಒಂದು ಹಳೆಯ ಕಚೇರಿಯ ಮುಂದೆ ನಿಲ್ಲಿಸಿ, ಕಮಾನು ತೋರಿಸಿ, ಕಂಬ ಕಂಬಕ್ಕೂ ಬೆರಳಿನಿಂದ ಬಡಿದರು. ಅಲ್ಲಿನ ಜವಾನ ಇವರನ್ನು ದುರಸ್ತಿಗೆ ಬಂದ ಸಾಹೇಬರೆಂದು ತಿಳಿದು, ಎರಡು ಕುರ್ಚಿ ಹಾಕಿಸಿ, ಚಹಾ ತರಿಸಿ, ಮಳೆಗಾಲದಲ್ಲಿ ಸೋರುವ ಮೂಲೆಗಳನ್ನೆಲ್ಲ ಒಂದೊಂದಾಗಿ ತೋರಿಸಿದ. ಕರಿಬಸಯ್ಯ ಗಂಭೀರವಾಗಿ ತಲೆದೂಗುತ್ತ, "ಮಾಡಿಸೋಣು" ಎಂದು ಆಶ್ವಾಸನೆಯನ್ನೂ ಕೊಟ್ಟರು. ಶಿವಶರಣಪ್ಪನಿಗೆ ಚಹಾ ಬಿಸಿ ಎಂಬುದೂ ತಿಳಿಯಲಿಲ್ಲ, ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡ.

ಅಕ್ಕನ ಮನೆ ಮುಟ್ಟಿದಾಗ ಪಡಸಾಲೆ ತುಂಬ ಓಣಿಯ ಹೆಂಗಸರು. ತವರಿನಿಂದ ಏನು ಬಂತೆಂದು ನೋಡಲು ಸೇರಿದ್ದರು. ದೇವರ ಮುಂದೆ ಉಡಿ ಬಿಚ್ಚಿ ಆಗಿತ್ತು. ವೀರಭದ್ರಮ್ಮನ ತೊಡೆಯ ಮೇಲೆ ದಾಳಿಂಬೆ ಬಣ್ಣದ ಖಣ. ಅವಳ ಕಣ್ಣಲ್ಲಿ ನೀರು.

"ಬಂದ್ಯಾ ತಮ್ಮಾ," ಎಂದು ಅವಳು ಅವನ ಕೈ ಹಿಡಿದುಕೊಂಡಳು. "ಅವ್ವ ಹೋದ ಮ್ಯಾಲ ನನ್ನ ತವರು ಮುಗೀತು ಅಂದ್ಕೊಂಡಿದ್ನಿ. ವರ್ಷಾ ವರ್ಷಾ ನಿನ್ನ ಅಂಗಡಿ ನೈಲಾನಿನ ತುಂಡು ಬರ್ತಿತ್ತು, ಈ ಸಲಾನೂ ಅದ ಇರ್ತದ ಅಂತ ಬಿಚ್ಚಿದ್ನಿ. ಅವ್ವ ಉಡಿ ತುಂಬಿದಂಗಾತು ನೋಡು. ಈ ಖಣ ನಾ ಯಾರ ಉಡಿಗೂ ಹಾಕಂಗಿಲ್ಲ, ಹೊಲಿಸಿ ತೊಡ್ತೀನಿ."

ಶಿವಶರಣಪ್ಪ ಜೇಬಿನಲ್ಲಿದ್ದ ನೈಲಾನ್ ಖಣವನ್ನು ಇನ್ನಷ್ಟು ಒಳಕ್ಕೆ ತಳ್ಳಿದ. ಇಷ್ಟು ವರ್ಷ ಅಕ್ಕನಿಗೂ ತುಂಡನ್ನೇ ಕಟ್ಟಿ ಕಳಿಸುತ್ತಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡ. "ನಿನಗಂತನ ತಂದಿದ್ನಿ ಅಕ್ಕಾ," ಎಂದ. ಹೇಳುವಾಗ ಸುಳ್ಳಾಗಿತ್ತು, ಅವಳ ಮುಖ ನೋಡುವಷ್ಟರಲ್ಲಿ ನಿಜವೇ ಆಗಿಬಿಟ್ಟಿತು. ಕರಿಬಸಯ್ಯ ಆಗಲೇ ಎರಡನೆಯ ಶೇಂಗಾ ಉಂಡಿಗೆ ಕೈ ಹಾಕಿದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬರಿಗೈಯಲ್ಲಿ ಮನೆಗೆ ಬಂದ. ಕಸ್ತೂರೆಮ್ಮ ನೀರು ಕೊಟ್ಟು ಮೆಲ್ಲಗೆ ಕೇಳಿದಳು, "ಅಕ್ಕಗ ಖಣ ಹಿಡಿಸ್ತೇನ್ರಿ?"

"ಯಾ... ಯಾವ ಖಣ?"

"ಸಾಕು ಬಿಡ್ರಿ. ಉಡಿ ಖಣದಾಗ ಇಟ್ಟಿದ್ರಲ್ಲ, ಅದು. ಹಬ್ಬದ ಮುಂಚೇನ ನೋಡಿದ್ನಿ. ಅಕ್ಕಗಂತ ತಂದು, ಹೇಳಾಕ ನಾಚಿ, ಉಡಿಗೆ ಬೀಳಲಿ ಅಂತ ಅಲ್ಲಿ ಇಟ್ಟೀರಿ. ಅಷ್ಟೂ ತಿಳ್ಯಂಗಿಲ್ಲೇನು ನನಗ? ಅದಕ್ಕ ಮುದ್ದಾಂ ಅದನ್ನ ಆರಿಸಿ ಅಕ್ಕನ ಉಡಿಗೆ ಹಾಕಿದ್ನಿ."

ಶಿವಶರಣಪ್ಪ ತಂಬಿಗೆ ಕೆಳಗಿಟ್ಟ.

"ಖರೇ ಹೇಳ್ತೀನಿ, ಮೊದಲ ಹೊಟ್ಟಿ ಉರೀತು," ಎಂದು ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಬಾಗಿಲಾ ಹಾಕ್ಕೊಂಡು ಕನ್ನಡಿ ಮುಂದ ತೋಳಿನ ಮ್ಯಾಲ ಹಾಕ್ಕೊಂಡು ನೋಡಿದ್ನಿ. ನನಗೂ ಒಪ್ತಿತ್ತು. ಆಮ್ಯಾಲ ಹೆಂಗಿತ್ತೋ ಹಂಗ ಮಡಚಿ ಇಟ್ನಿ. ಅಕ್ಕನ್ನ ಇಷ್ಟು ನೆನಸೋ ಮನಿಷಾ ಅಂತ ನಿಮ್ಮ ಮ್ಯಾಲ ಜೀವ ಬಂತ್ರಿ."

ನಿಜ ನಾಲಿಗೆಯ ತುದಿಗೆ ಬಂತು. ಹೇಳಿದರೆ, ತನ್ನ ಖಣವನ್ನು ತಾನೇ ಕೊಟ್ಟೆನೆಂದು ಅವಳು ಕೊರಗಬೇಕು. ಸುಟ್ಟ ನಾಲಿಗೆಯಿಂದಲೇ ಅದನ್ನು ಹಿಂದಕ್ಕೆ ನುಂಗಿದ.

"ಕಸ್ತೂರಿ, ಇನ್ನೊಮ್ಮಿ ಗುಳೇದಗುಡ್ಡಕ್ಕ ಹೋಗೋಣು. ನೀನೂ ಬಾ."

ಅವಳ ಮುಖ ಅರಳಿತು. "ಬರ್ತೀನ್ರಿ! ಮುಂದಿನ ಪಂಚಮಿಗೆ ನಾನ ಕೈಮುಟ್ಟಿ ಬಣ್ಣ ಆರಿಸ್ತೀನಿ."

"ಎರಡು ತರೋಣು," ಎಂದ ಶಿವಶರಣಪ್ಪ, ಧೈರ್ಯ ಒಗ್ಗೂಡಿಸಿಕೊಂಡು.

ಕಸ್ತೂರೆಮ್ಮ ಗಂಡನನ್ನು ಅಚ್ಚರಿಯಿಂದ ನೋಡಿದಳು.

"ಎರಡ್ಯಾಕ್ರಿ? ನಿಮಗ ಅಕ್ಕ ಒಬ್ಬಾಕೀನ ಅಲ್ಲೇನು?"